ನಲವತ್ತು ಸಾಲಿನ ಪುಸ್ತಕ

ಜಾಗತಿಕ ಅಧ್ಯಯನ ವಿಭಾಗದ ಕಚೇರಿಯಲ್ಲಿ ಕೂರುವ ಗುಮಾಸ್ತೆಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಭೂತಗನ್ನಡಿ. ಬೆನ್ನ ಹಿಂದೆ ಭೂತಗನ್ನಡಿ, ಎದುರಿಗೆ ಮೇಡಂ. ಈ ಹೆಸರು ಆಕೆಯ ಕಿವಿಗೂ ಬಿದ್ದಿತ್ತು. ಬಿದ್ದ ದಿನ ಮನೆಗೆ ಹೋಗಿ ಗಂಡನಿಗೆ ಹೇಳಿ ಹೆಮ್ಮೆಪಟ್ಟಿದ್ದಳು. ಪಡದೆ ಏನು ಮಾಡುತ್ತಾಳೆ ಪಾಪ. ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ತಪ್ಪು ಕಾಗದ ಆಕೆಯ ಕಣ್ಣು ತಪ್ಪಿಸಿ ಆ ಮೇಜು ದಾಟಿರಲಿಲ್ಲ.

ಆ ವಿಭಾಗದಲ್ಲಿ ಪದವಿ ಮುಗಿಸುವುದೆಂದರೆ ಹನ್ನೊಂದು ಚೌಕ ತುಂಬುವುದು. ಒಬ್ಬೊಬ್ಬ ವಿದ್ಯಾರ್ಥಿಗೂ ಒಂದು ಹಳದಿ ಹಾಳೆ, ಹಾಳೆಯಲ್ಲಿ ಹನ್ನೊಂದು ಚೌಕ. ನೂರಿಪ್ಪತ್ತು ಕ್ರೆಡಿಟ್ ಆಯಿತೇ, ಎರಡು ವರ್ಷ ಬೇರೊಂದು ಭಾಷೆ ಕಲಿತಾಯಿತೇ, ಅರ್ಥಶಾಸ್ತ್ರದ ಪತ್ರಿಕೆ, ವಲಸೆಯ ಪತ್ರಿಕೆ, ಯಾವುದಾದರೊಂದು ಭೂಭಾಗ ಹಿಡಿದು ನಾಲ್ಕು ಪತ್ರಿಕೆ, ಐವತ್ತು ಪುಟದ ಪ್ರಬಂಧ, ಹೀಗೆ. ಹತ್ತು ಚೌಕ ಓದಿದರೆ ತುಂಬುತ್ತವೆ. ಹನ್ನೊಂದನೆಯದು ಮಾತ್ರ ಓದಿನಿಂದ ತುಂಬುವುದಲ್ಲ. ಎಂಟು ವಾರ ಪರದೇಶದಲ್ಲಿ ಇದ್ದು ಬರಬೇಕು. ಲೋಕದ ಬಗ್ಗೆ ಪದವಿ ತೆಗೆದುಕೊಳ್ಳುವವರು ಲೋಕ ನೋಡದಿದ್ದರೆ ಹೇಗೆ ಎಂದು ಯಾರೋ ದೊಡ್ಡವರು ಕೂತು ಬರೆದಿಟ್ಟ ನಿಯಮ ಅದು. ಭೂತಗನ್ನಡಿ ಈ ಜನ್ಮದಲ್ಲಿ ಗಡಿ ದಾಟಿದವಳಲ್ಲ, ಆದರೂ ಯಾವ ದೇಶದ ಮೊಹರು ಪಾಸ್‌ಪೋರ್ಟಿನ ಯಾವ ಮೂಲೆಯಲ್ಲಿ ಬೀಳುತ್ತದೆ ಎಂದು ನಿದ್ದೆಗಣ್ಣಲ್ಲೂ ಹೇಳುತ್ತಿದ್ದಳು.

ಹೋಗಲಾಗದವರಿಗೆ ಒಂದು ಕಿಂಡಿ ಬಿಟ್ಟಿದ್ದರು. ಮನೆಯಲ್ಲಿ ತಾನೇ ನೋಡಿಕೊಳ್ಳಬೇಕಾದ ರೋಗಿ ಇದ್ದರೆ, ತಿಂಗಳು ತಿಂಗಳು ವೈದ್ಯರ ಪತ್ರ ಕೊಟ್ಟು, ಪರದೇಶಕ್ಕೆ ಬದಲಾಗಿ ಊರಲ್ಲೇ ಹೊರದೇಶದವರ ಜೊತೆ ನಲವತ್ತು ದಿನ ಕೆಲಸ ಮಾಡಬಹುದು. ಅದಕ್ಕೊಂದು ಪುಸ್ತಕ. ದಿನಕ್ಕೊಂದು ಸಾಲಿನಂತೆ ಮೊದಲೇ ತಾರೀಖು ಹಾಕಿಟ್ಟ ನಲವತ್ತು ಸಾಲು, ಪ್ರತಿ ಸಾಲಿನ ತುದಿಯಲ್ಲಿ ಅಲ್ಲಿನ ಮೇಲ್ವಿಚಾರಕರ ಸಹಿ.

ಆ ವರ್ಷ ಆ ಕಿಂಡಿಯಲ್ಲಿ ನುಸುಳಿದವಳು ಒಬ್ಬಳೇ ಹುಡುಗಿ. ಅವಳ ತಾಯಿಯ ಎರಡೂ ಕಿಡ್ನಿ ಕೈಕೊಟ್ಟಿದ್ದವು. ದಿನ ಬಿಟ್ಟು ದಿನ ಆಸ್ಪತ್ರೆಯಲ್ಲಿ ನಾಲ್ಕು ಗಂಟೆ ಡಯಾಲಿಸಿಸ್. ಕರೆದುಕೊಂಡು ಹೋಗಲು, ಕರೆದುಕೊಂಡು ಬರಲು ಮಗಳನ್ನು ಬಿಟ್ಟರೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಹುಡುಗಿ ಜಾಣೆ, ಅದೇ ಆಸ್ಪತ್ರೆಯ ನೆಲಮಾಳಿಗೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಹಿಡಿದಳು. ಆರು ದೇಶದ ಹೆಂಗಸರು ಅಲ್ಲಿ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡುತ್ತಿದ್ದರು. ಅಮ್ಮ ಮೇಲೆ ಯಂತ್ರಕ್ಕೆ, ಮಗಳು ಕೆಳಗೆ ಯಂತ್ರಕ್ಕೆ. ನಲವತ್ತು ದಿನ ಮುಗಿಸಿ ಪುಸ್ತಕ ತಂದುಕೊಟ್ಟಾಗ ಅವಳ ಬೆರಳ ತುದಿ ಸುಕ್ಕಾಗಿದ್ದನ್ನು ಭೂತಗನ್ನಡಿ ಗಮನಿಸಿದ್ದಳು. ಅದೇ ಆಸ್ಪತ್ರೆಯವರು ಹೊರದೇಶದ ರೋಗಿಗಳಿಗೆ ಸಹಾಯ ಮಾಡುವ ಮೇಜಿಗೆ ಹುಡುಗಿಯನ್ನು ಆರಿಸಿಕೊಂಡಿದ್ದರು. ತಿಂಗಳ ಕೊನೆಯೊಳಗೆ ಪದವಿ ಪತ್ರ ತೋರಿಸಬೇಕು, ಅಷ್ಟೇ ಷರತ್ತು. ಕೂತು ಮಾಡುವ ಕೆಲಸ, ಅಮ್ಮನ ವಾರ್ಡಿನಿಂದ ಎರಡು ಮಹಡಿ ದೂರ. ಇದಕ್ಕಿಂತ ಹೆಚ್ಚು ಅವಳು ಏನನ್ನೂ ಕೇಳಿರಲಿಲ್ಲ.

ಹಾಳೆಗಳಿಗೆ ಕೊನೆಯ ಒಪ್ಪಿಗೆ ಬೀಳುವ ದಿನ ಮೇಜಿನ ಸುತ್ತ ಮೂರು ಜನ. ವಿಭಾಗದ ಮುಖ್ಯಸ್ಥರು, ಪರೀಕ್ಷಾ ಕಚೇರಿಯಿಂದ ಬಂದ ಅಧಿಕಾರಿ, ಭೂತಗನ್ನಡಿ. ಮುಖ್ಯಸ್ಥರು ಒಳ್ಳೆಯ ಮನುಷ್ಯ, ಯಾರ ತಂಟೆಗೂ ಹೋಗುವವರಲ್ಲ, ಯಾರ ನೆರವಿಗೂ ಹೋಗುವವರಲ್ಲ. ಅಧಿಕಾರಿ ಹುಡುಗಿಯ ಪುಸ್ತಕ ತಿರುವುತ್ತಾ, "ಎಷ್ಟು ಅಚ್ಚುಕಟ್ಟಾಗಿದೆ ನೋಡಿ, ಒಂದು ದಿನಾನೂ ತಪ್ಪಿಸಿಲ್ಲ" ಅಂದರು.

ಮೆಚ್ಚುಗೆಯ ಮಾತು. ಕೇಳಿ ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಭೂತಗನ್ನಡಿ ಮೂಗಿನ ತುದಿಗೆ ಕನ್ನಡಕ ಇಳಿಸಿ, ಬಗ್ಗಿ ನೋಡಿ, ನಗುತ್ತಾ ಹೇಳಿಬಿಟ್ಟಳು. "ಅಯ್ಯೋ, ಈ ಬುಧವಾರ ಗುರುವಾರ ಶುಕ್ರವಾರ ಆಸ್ಪತ್ರೇಲಿ ಒಗೆಯೋದೇ ಬಂದ್ ಆಗಿತ್ತಲ್ಲ ಸರ್. ಬಾಯ್ಲರ್ ಒಡೆದುಹೋಗಿತ್ತು. ನಮ್ಮನೆಯವರು ಹರ್ನಿಯಾ ಆಪರೇಷನ್ ಆಗಿ ಅಲ್ಲೇ ಮಲಗಿದ್ರು, ಮೂರು ದಿನಾನೂ ನಾನೇ ಮನೆಯಿಂದ ಹಾಸಿಗೆ ಬಟ್ಟೆ ಹೊತ್ಕೊಂಡು ಹೋಗಿದ್ದೆ."

ಅಧಿಕಾರಿಯ ಬೆರಳು ಆ ಮೂರು ಸಾಲಿನ ಮೇಲೆ ನಿಂತಿತು. ಮೂರಕ್ಕೂ ಸಹಿ ಇತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಾನು ಏನು ಮಾಡಿದೆ ಎಂದು ಆಕೆಗೆ ಹೊಳೆಯುವಷ್ಟರಲ್ಲಿ ಅಧಿಕಾರಿ ಆಸ್ಪತ್ರೆಗೆ ಫೋನ್ ಮಾಡಿ, ಹೌದು, ಮೂರು ದಿನ ಮುಚ್ಚಿತ್ತು ಎಂದು ಖಚಿತ ಮಾಡಿಕೊಂಡಾಗಿತ್ತು. ಹನ್ನೊಂದನೇ ಚೌಕ ಖಾಲಿ ಉಳಿಯಿತು. "ಹುಡುಗೀನ ಕರೆಸಿ ಕೇಳೋಣ" ಎಂದು ಮುಖ್ಯಸ್ಥರು ಟೀ ತರಿಸಿದರು.

ಹುಡುಗಿ ಮಾರನೇ ದಿನ ಬಂದಳು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಹೇಳಲು ಬರುತ್ತಿರಲಿಲ್ಲ ಎನ್ನುವುದೇ ಸರಿ.

"ಅಲ್ಲಿ ಎಲ್ಲ ಹಂಗೇ ಮೇಡಂ. ಇಡೀ ದಿನ ಕೈ ಒದ್ದೆ ಇರುತ್ತೆ, ಪೆನ್ನು ಮುಟ್ಟಿದ್ರೆ ಕಾಗದ ಹರಿಯುತ್ತೆ. ಅದಕ್ಕೆ ದೊಡ್ಡಕ್ಕ ಸೋಮವಾರ ಬೆಳಿಗ್ಗೆ, ಕೈ ಒಣಗಿರುವಾಗಲೇ, ವಾರದ್ದೆಲ್ಲ ಸಹಿ ಹಾಕಿಬಿಡ್ತಾರೆ. ನೀರಿನ ಬಿಸಿ ಎಷ್ಟು ಅಂತ ಬರೆಯೋ ಪಟ್ಟಿಗೂ ಅಷ್ಟೇ, ಹಾಜರಿಗೂ ಅಷ್ಟೇ. ನನ್ನ ಪುಸ್ತಕ ಕೊಟ್ಟಾಗ, ಇಷ್ಟೇ ಇಷ್ಟು ಅಲ್ವಾ ಅಂತ ನಲವತ್ತಕ್ಕೂ ಒಂದೇ ಸಲ ಹಾಕಿಬಿಟ್ರು."

ದೊಡ್ಡಕ್ಕ ಎಂದರೆ ಆ ವಿಭಾಗದ ಮೇಲ್ವಿಚಾರಕಿ, ಹೊರದೇಶದವಳು.

"ಮತ್ತೆ ಆ ಮೂರು ದಿನ?"

"ಕೊನೇಲಿ ಮೂರು ದಿನ ಜಾಸ್ತಿ ಹೋದೆ ಮೇಡಂ. ಬರೆಯೋಕೆ ಸಾಲು ಇರಲಿಲ್ಲ."

ಭೂತಗನ್ನಡಿ ಪುಸ್ತಕ ತೆಗೆದು ನೋಡಿದಳು. ನಿಜ, ನಲವತ್ತು ಮುಗಿದ ಮೇಲೆ ನಲವತ್ತೊಂದನೆಯ ಸಾಲಿಗೆ ಜಾಗವಿಲ್ಲ. ಹುಡುಗಿ ಕೆಲಸ ಮಾಡಿದ್ದು ಅಪ್ಪಟ ಸತ್ಯ, ಪುಸ್ತಕ ಹೇಳುತ್ತಿದ್ದುದು ಅಪ್ಪಟ ಸುಳ್ಳು. ಆಕೆ ಬದುಕಿಡೀ ನಂಬಿದ್ದು ಪುಸ್ತಕವನ್ನೇ.

"ಒಂದು ಕೆಲಸ ಮಾಡಮ್ಮ" ಅಂದಳು. "ದೊಡ್ಡಕ್ಕನ ಹತ್ರ ಒಂದು ಪತ್ರ ಬರೆಸ್ಕೊಂಡು ಬಾ. ಇದ್ದದ್ದು ಇದ್ದ ಹಾಗೇ ಬರೀಲಿ. ಮೂರು ದಿನ ಹಿಂದೆ ಮುಂದೆ ಆಗಿದೆ, ಅಷ್ಟೇ ತಾನೇ. ಸತ್ಯ ಹೇಳಿದ್ರೆ ಯಾರು ಬೇಡ ಅಂತಾರೆ."

ದೊಡ್ಡಕ್ಕನ ಕೆಲಸದ ಪರವಾನಗಿ ಮುಗಿದು ಅವಳು ತನ್ನ ದೇಶಕ್ಕೆ ವಾಪಸಾಗಿ ಎರಡು ವಾರವಾಗಿತ್ತು. ಹುಡುಗಿ ಅವರಿವರನ್ನು ಹಿಡಿದು ನಂಬರು ಹುಡುಕಿದಳು. ಅಂತೂ ಪತ್ರ ಬಂತು, ದೊಡ್ಡಕ್ಕನ ಭಾಷೆಯಲ್ಲಿ. ಹುಡುಗಿ ಎರಡು ವರ್ಷ ಕಲಿತಿದ್ದ ಭಾಷೆಯೇ ಅದು. ಕಚೇರಿಯಲ್ಲೇ ಕೂತು ಸಾಲು ಸಾಲಾಗಿ ಓದಿ ಹೇಳಿದಳು. ನನ್ನ ಕೈ ಸದಾ ಒದ್ದೆ. ನಲವತ್ತೂ ಸಹಿಯನ್ನು ಮೊದಲ ದಿನ ನಾನೇ ಹಾಕಿದೆ. ಹುಡುಗಿಯದು ತಪ್ಪಿಲ್ಲ. ಅವಳು ನಲವತ್ತು ದಿನವೂ ಬಂದಿದ್ದಾಳೆ. ಅವಳಷ್ಟು ನೆಟ್ಟಗೆ ಹಾಸಿಗೆ ಬಟ್ಟೆ ಮಡಿಸುವವರನ್ನು ನಾನು ನೋಡಿಲ್ಲ.

ಭೂತಗನ್ನಡಿಗೆ ಎದೆ ಹಗುರಾಯಿತು. ಪತ್ರವನ್ನು ತಾನೇ ಕೈಯಾರೆ ಪರೀಕ್ಷಾ ಕಚೇರಿಗೆ ಒಯ್ದಳು. ಅಧಿಕಾರಿ ಓದಿಸಿಕೊಂಡು, ಕುರ್ಚಿಗೆ ಒರಗಿ, ಕೆಟ್ಟ ಮನಸ್ಸಿಲ್ಲದೆಯೇ ಹೇಳಿದರು. "ಅಲ್ಲ ಮೇಡಂ, ಇಷ್ಟು ದಿನ ಮೂರು ಸಹಿ ಸುಳ್ಳು ಅಂದ್ಕೊಂಡಿದ್ವಿ. ಈಗ ಇವರೇ ನಲವತ್ತೂ ಮುಂಚೇನೇ ಹಾಕಿದ್ದು ಅಂತಿದ್ದಾರಲ್ಲ. ಮೂವತ್ತೇಳನ್ನಾದ್ರೂ ಉಳಿಸಿ, ಇನ್ನು ಮೂರು ದಿನ ಮಾಡಿಸೋಣ ಅಂತಿದ್ದೆ. ಇನ್ನು ಹೇಗೆ ಉಳಿಸ್ಲಿ?"

ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎಂದಂತಾಯಿತು. ಆ ಸಂಜೆ ಭೂತಗನ್ನಡಿ ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಕೂತುಬಿಟ್ಟಳು. ಗಂಡ ಗಡಿಯಾರ ರಿಪೇರಿಯವನು, ಹೊಲಿಗೆ ಇನ್ನೂ ಮಾಗದೆ ಮನೆಯಲ್ಲೇ ಇದ್ದ. ಎಲ್ಲವನ್ನೂ ಕೇಳಿಸಿಕೊಂಡ.

"ನಿನ್ನ ಕಣ್ಣು ದೊಡ್ಡದು ಅಂತ ಊರೆಲ್ಲ ಹೊಗಳ್ತಾರೆ ಕಣೇ" ಅಂದ. "ಬಾಯಿ ಅದಕ್ಕಿಂತ ದೊಡ್ಡದು ಅಂತ ನನಗೊಬ್ಬನಿಗೇ ಗೊತ್ತಿತ್ತು."

ಬೇರೆ ದಿನವಾಗಿದ್ದರೆ ಆಕೆ ತಿರುಗಿಸಿ ಕೊಡುತ್ತಿದ್ದಳು. ಅವತ್ತು, "ಹೌದು ರೀ" ಅಂದಳು. ಗಂಡನಿಗೆ ಗಾಬರಿಯಾಯಿತು, ಎದ್ದು ಹೋಗಿ ಕಾಫಿಗೆ ನೀರಿಟ್ಟ.

ಹುಡುಗಿಗೆ ಹೊಸ ಪುಸ್ತಕ ಕೊಟ್ಟರು. ಮತ್ತೆ ಒಂದನೇ ಸಾಲಿನಿಂದ. ತಿಂಗಳ ಕೊನೆ ಬಂತು, ಹೋಯಿತು. ಆಸ್ಪತ್ರೆಯ ಆ ಮೇಜಿಗೆ ಬೇರೆ ಯಾರೋ ಬಂದು ಕೂತರು. ಮುಂದಿನ ಸಲ ಜಾಗ ಖಾಲಿಯಾದರೆ ಹೇಳುತ್ತೇವೆ, ಪದವಿ ಪತ್ರ ಮಾತ್ರ ಕೈಯಲ್ಲಿರಲಿ ಎಂದರಂತೆ. ಹುಡುಗಿ ಇದನ್ನು ಹೇಳುವಾಗ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿಕೊಂಡಿದ್ದರೆ ಭೂತಗನ್ನಡಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಗಂಡನ ಹೊಲಿಗೆ ತೋರಿಸಲು ಆಸ್ಪತ್ರೆಗೆ ಹೋದ ದಿನ ಆಕೆ ಅವನನ್ನು ಸರದಿಯಲ್ಲಿ ಕೂರಿಸಿ ನೆಲಮಾಳಿಗೆಗೆ ಇಳಿದಳು. ಕೆಳಗೆ ಬಿಸಿ ಹಬೆ ಮುಖಕ್ಕೆ ಹೊಡೆಯುತ್ತಿತ್ತು. ಉದ್ದನೆಯ ಉರುಳೆಯ ಒಂದು ಕಡೆಯಿಂದ ಒದ್ದೆ ಬಟ್ಟೆ ಒಳಗೆ ಹೋಗಿ ಇನ್ನೊಂದು ಕಡೆ ಒಣಗಿ ಬರುತ್ತಿತ್ತು. ಹುಡುಗಿ ಮತ್ತು ಇನ್ನೊಬ್ಬ ಹೆಂಗಸು ಎರಡು ತುದಿ ಹಿಡಿದು, ಮಾತಿಲ್ಲದೆ, ಮುಂದೆ ಬಂದು ಹಿಂದೆ ಹೋಗಿ ಮಡಿಸುತ್ತಿದ್ದರು. ನಾಲ್ಕು ಮಡಿಕೆ, ಮೇಲೊಂದು ಏಟು, ರಾಶಿಗೆ. ಹೊಸ ಮೇಲ್ವಿಚಾರಕಿ ಖಡಾಖಂಡಿತದವಳು. ಸಂಜೆ ಕೈ ಒರೆಸಿಕೊಂಡೇ ಸಹಿ, ಒಂದು ದಿನಕ್ಕೆ ಒಂದೇ. ಅವತ್ತಿಗೆ ಹದಿನಾರು ಆಗಿತ್ತು.

"ಅಮ್ಮ ಮೇಲಿದ್ದಾರೆ, ಬನ್ನಿ ಮೇಡಂ, ಖುಷಿಪಡ್ತಾರೆ" ಎಂದು ಹುಡುಗಿ ಬಿಡುವಿನ ವೇಳೆಯಲ್ಲಿ ಕರೆದುಕೊಂಡು ಹೋದಳು. ಮೆಟ್ಟಿಲಲ್ಲಿ ನಿಂತು ತಗ್ಗಿದ ದನಿಯಲ್ಲಿ, "ಒಂದು ಮಾತು. ಪದವಿ ಮುಗೀತು ಅಂತಲೇ ಅಮ್ಮಂಗೆ ಹೇಳಿದ್ದೀನಿ. ಆ ಮೇಜು ಸಿಗೋವರೆಗೆ ಕೆಲಸ ಕೆಳಗೇ ಕೊಟ್ಟಿದ್ದಾರೆ ಅಂದ್ಕೊಂಡಿದ್ದಾರೆ" ಅಂದಳು.

ತಾಯಿ ಸಣ್ಣ ಹೆಂಗಸು. ತೋಳಿನಿಂದ ಎರಡು ಕೊಳವೆ ಹೊರಟು ಯಂತ್ರಕ್ಕೆ ಸೇರಿದ್ದವು. ಎದ್ದು ಕೂರಲು ಹೋದಳು, ಆಗಲಿಲ್ಲ.

"ನೀವೇನಾ ಕಚೇರಿ ಮೇಡಂ. ಇವಳು ದಿನಾ ಹೇಳ್ತಾಳೆ, ಅವರ ಕಣ್ಣಿಗೆ ಏನೂ ತಪ್ಪಲ್ಲ ಅಂತ. ನಮ್ಮ ಕಡೆ ಯಾರೂ ಇಷ್ಟು ಓದಿದವರಿಲ್ಲ ನೋಡಿ. ನಿಮ್ಮಂಥವರ ಪುಣ್ಯ, ಮುಗೀತಲ್ಲ."

ಇಪ್ಪತ್ತೆರಡು ವರ್ಷ ಒಂದು ಸುಳ್ಳು ಕಾಗದವನ್ನೂ ಬಿಡದಾಕೆ ಹಾಸಿಗೆಯ ತುದಿಯಲ್ಲಿ ಕೂತು, "ಮುಗೀತಮ್ಮ. ಹನ್ನೊಂದು ಚೌಕಾನೂ ತುಂಬಿದೆ. ನಾನೇ ತುಂಬಿದ್ದು" ಅಂದಳು. ಹುಡುಗಿ ಅಮ್ಮನ ಹೊದಿಕೆ ಸರಿಮಾಡುತ್ತಿದ್ದಳು, ತಲೆ ಎತ್ತಲಿಲ್ಲ.

ಇಪ್ಪತ್ತಮೂರನೆಯ ಸಾಲಿನ ಸಹಿ ಬಿದ್ದ ಮರುದಿನ ತಾಯಿ ತೀರಿಕೊಂಡಳು. ಯಂತ್ರದ ಮೇಲಿದ್ದಾಗಲೇ ಎದೆ ನಿಂತುಹೋಯಿತು. ಮಗಳು ಕೆಳಗೆ ಬಟ್ಟೆಯ ಒಂದು ತುದಿ ಹಿಡಿದಿದ್ದಳು. ಯಾರೋ ಬಂದು ಕರೆದರು. ಮೇಲೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಾಲ್ಕು ದಿನದ ರಜೆ ಬೇಕೆಂದು ಅವಳೇ ಕಚೇರಿಗೆ ಬಂದಳು. ಕಾರಣ ಹೇಳಿದಳು. ಭೂತಗನ್ನಡಿ ಅವಳ ಕೈ ಹಿಡಿದುಕೊಂಡಳು. ಆಮೇಲೆ ರಜೆಯ ಅರ್ಜಿಯನ್ನು ತನ್ನ ಕಡೆ ಎಳೆದುಕೊಂಡು, ಕಾರಣ ಎಂದಿದ್ದ ಕಡೆ "ಅನಾರೋಗ್ಯ" ಎಂದು ತಾನೇ ಬರೆದಳು. ಬದುಕಿನಲ್ಲಿ ಮೊದಲ ಸಲ ಕಾಗದದ ಮೇಲೆ ಸುಳ್ಳು ಬರೆದದ್ದು. ಯಾಕೆ ಎಂದು ಹುಡುಗಿಗೆ ಅರ್ಥವಾಗಲಿಲ್ಲ. ಭೂತಗನ್ನಡಿಗೆ ಮಾತ್ರ ಆ ನಿಯಮದ ಒಂದೊಂದು ಅಕ್ಷರವೂ ಬಾಯಿಪಾಠ. ರೋಗಿ ಇರುವವರೆಗೆ ಮಾತ್ರ ವಿನಾಯಿತಿ ಎಂದಿತ್ತು ಅದು.

ಹುಡುಗಿ ಐದನೇ ದಿನ ನೆಲಮಾಳಿಗೆಗೆ ವಾಪಸು ಹೋದಳು. ಇಪ್ಪತ್ತನಾಲ್ಕು, ಇಪ್ಪತ್ತೈದು. ಭೂತಗನ್ನಡಿ ಕಚೇರಿಯಲ್ಲಿ ಕೂತು ಅವಳ ಸಾಲುಗಳನ್ನು ಎಣಿಸುತ್ತಿದ್ದಳು. ಮುಖ್ಯಸ್ಥರಿಗೆ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ. ಬಾಯಿ ಮುಚ್ಚಿಕೊಂಡಿರಲು ಕಲಿತಿದ್ದಳು, ಕಲಿತರೂ ಪ್ರಯೋಜನವಿಲ್ಲದಷ್ಟು ತಡವಾಗಿ. ಇನ್ನು ಹದಿನೈದೇ ದಿನ, ಯಾರೂ ಕೇಳದಿದ್ದರೆ ಸಾಕು ಎಂದುಕೊಂಡಳು.

ಕೇಳಿದವರು ಯಾರೂ ಅಲ್ಲ, ಪಟ್ಟಿ. ಹೊಸ ಪುಸ್ತಕದ ಎರಡನೇ ತಿಂಗಳ ವೈದ್ಯರ ಪತ್ರ ಬಂದಿಲ್ಲ ಎಂದು ಪರೀಕ್ಷಾ ಕಚೇರಿಯಿಂದ ಒಂದು ಚೀಟಿ ಬಂತು. ಆಕೆ ಚೀಟಿಯನ್ನು ಡ್ರಾಯರಿನೊಳಗೆ ಹಾಕಿದಳು. ಎರಡನೆಯ ಚೀಟಿಯನ್ನೂ ಹಾಕಿದಳು. ಮೂರನೆಯ ಸಲ ಅಧಿಕಾರಿ ಚೀಟಿ ಕಳಿಸಲಿಲ್ಲ, ನೇರವಾಗಿ ಆಸ್ಪತ್ರೆಗೇ ಬರೆದು ಕೇಳಿದರು.

ವಿನಾಯಿತಿ ನೋಡುವ ಮೂರು ಜನರ ಸಮಿತಿ ಹತ್ತು ನಿಮಿಷವೂ ಕೂರಲಿಲ್ಲ. ತೀರ್ಮಾನದ ಕರಡು ಟೈಪು ಮಾಡಲು ಭೂತಗನ್ನಡಿಯ ಮೇಜಿಗೇ ಬಂತು. ವಿನಾಯಿತಿಗೆ ಕಾರಣವಾಗಿದ್ದ ಅಡಚಣೆ ಈಗ ನಿವಾರಣೆಯಾಗಿರುವುದರಿಂದ, ಊರಲ್ಲಿ ಮಾಡಿದ ದಿನಗಳನ್ನು ಪರಿಗಣಿಸಲಾಗುವುದಿಲ್ಲ. ವಿದ್ಯಾರ್ಥಿನಿಯು ಹನ್ನೊಂದನೇ ನಿಯಮದಂತೆ ಎಂಟು ವಾರ ಪರದೇಶದಲ್ಲಿ ವಾಸ ಮಾಡತಕ್ಕದ್ದು.

ಆಕೆ ಎದ್ದು ಮುಖ್ಯಸ್ಥರ ಕೋಣೆಗೆ ಹೋದಳು.

"ಸರ್, ಆ ಹುಡುಗಿ ಎರಡು ಸಲ ಸೇರಿ ಎಪ್ಪತ್ತು ದಿನದ ಹತ್ತಿರ ಒಗೆದಿದ್ದಾಳೆ. ಎಂಟು ವಾರ ಬೇರೆ ದೇಶಕ್ಕೆ ಹೋಗಿ ಇರೋ ಶಕ್ತಿ ಅವಳಿಗೆಲ್ಲಿದೆ?"

"ನನ್ನ ಕೈಲಿ ಏನಿದೆ ಮೇಡಂ?" ಮುಖ್ಯಸ್ಥರ ಕಣ್ಣಲ್ಲಿ ನೀರಿತ್ತು, ಸುಳ್ಳಲ್ಲ. "ಮೂರು ಜನ ಸೇರಿ ತೀರ್ಮಾನ ಮಾಡಿದ್ದು. ನನಗೂ ಒಬ್ಬಳು ಮಗಳಿದ್ದಾಳೆ."

"ಹಾಗಾದ್ರೆ ಆ ಒಂದು ವಾಕ್ಯ ಬದಲಾಯಿಸ್ತೀನಿ ಸರ್. ತಾಯಿ ತೀರಿಕೊಂಡಿರುವುದರಿಂದ ಅಂತ ಹಾಕ್ತೀನಿ."

"ಹಾಕಿ ನೋಡಿ" ಅಂದರು. ಹಾಕಿ ಕಳಿಸಿದಳು. ನಿಯಮದಲ್ಲಿರುವ ಪದಗಳನ್ನೇ ಬಳಸಬೇಕು ಎಂದು ಕೆಂಪು ಗೆರೆ ಎಳೆಸಿಕೊಂಡು ಅದು ಸಂಜೆಯೊಳಗೆ ವಾಪಸು ಬಂತು. ಆಕೆ ಮತ್ತೆ ಟೈಪು ಮಾಡಿದಳು. ಎಂದಿನಂತೆ ಒಂದು ಅಕ್ಷರವೂ ತಪ್ಪಲಿಲ್ಲ.

ಹುಡುಗಿ ಪತ್ರ ತೆಗೆದುಕೊಳ್ಳಲು ಬಂದಾಗ ಕಚೇರಿಯಲ್ಲಿ ಇಬ್ಬರೇ ಇದ್ದರು. ಭೂತಗನ್ನಡಿ ಪತ್ರ ಕೊಡುವ ಮೊದಲು ಹೇಳಬೇಕೆಂದುಕೊಂಡಿದ್ದನ್ನು ಹೇಳಿದಳು. "ಮೊದಲನೇ ಸಲ ಆ ಮೂರು ದಿನ ಹಿಡಿದು ಬಾಯಿ ಬಿಟ್ಟಿದ್ದು ನಾನೇ ಕಣಮ್ಮ. ನಿನ್ನನ್ನ ಈ ಗತಿಗೆ ತಂದಿದ್ದು ನಾನು."

"ಗೊತ್ತು ಮೇಡಂ" ಅಂದಳು ಹುಡುಗಿ. "ಅವತ್ತೇ ಗೊತ್ತಾಯ್ತು. ನೀವು ಬೇಕು ಅಂತ ಮಾಡಲಿಲ್ಲ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಭೂತಗನ್ನಡಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು, ಮತ್ತೆ ಹಾಕಿಕೊಂಡಳು. ಹುಡುಗಿ ಪತ್ರ ಓದಿದಳು. ಒಮ್ಮೆ ಓದಿ, ನಿಧಾನವಾಗಿ ಇನ್ನೊಮ್ಮೆ ಓದಿದಳು. ಒಂದು ಪದದ ಮೇಲೆ ಬೆರಳಿಟ್ಟಳು.

"ಅಡಚಣೆ ಅಂದ್ರೆ ನಮ್ಮಮ್ಮನಾ ಮೇಡಂ?"

ಭೂತಗನ್ನಡಿ ಹೌದೆಂಬಂತೆ ತಲೆ ಆಡಿಸಿದಳು.

"ಅವರು ಅಡಚಣೆ ಆಗಿರಲಿಲ್ಲ" ಅಂದಳು ಹುಡುಗಿ. ದನಿ ಏರಲಿಲ್ಲ, ಅರ್ಜಿ ಕೇಳುವವರ ದನಿಯೇ ಇತ್ತು. "ಎಂಟು ವಾರದ್ದು ಆಮೇಲೆ ನೋಡ್ಕೊಳ್ತೀನಿ. ಇದೊಂದನ್ನ ಸರಿಮಾಡಿಸಬೇಕು. ಯಾವ ಅರ್ಜಿ ತುಂಬಬೇಕು?"

ಭೂತಗನ್ನಡಿ ಡ್ರಾಯರು ಎಳೆದಳು. ರಜೆಯ ಅರ್ಜಿ ಇತ್ತು, ವಿಷಯ ಬದಲಾವಣೆಯ ಅರ್ಜಿ ಇತ್ತು, ಹೆಸರು ತಿದ್ದುಪಡಿಯ ಅರ್ಜಿ ಇತ್ತು. ಒಂದೊಂದಾಗಿ ಎತ್ತಿ ನೋಡಿ ಮೇಜಿನ ಮೇಲಿಟ್ಟಳು. ಕೊನೆಯದನ್ನೂ ನೋಡಿದ ಮೇಲೆ ಮತ್ತೆ ಮೊದಲಿನಿಂದ ನೋಡತೊಡಗಿದಳು. ಹುಡುಗಿ ನಿಂತೇ ಇದ್ದಳು, ಕಾಯುತ್ತಾ.